ಆಲ್ದೂರಿನ ಹಂಚಿನ ಮನೆಗೊಂದು ಡ್ಯಾಕ್

ಆ ವರ್ಷ ಮೆಣಸಿಗೆ ಒಳ್ಳೆ ರೇಟು ಸಿಕ್ಕಿತ್ತು. ಮನೆಯಲ್ಲಿ ಎರಡು ಬೇಡಿಕೆ ಇದ್ದವು. ಅಡುಗೆಮನೆ ಮೇಲಿನ ಹಂಚು ಬದಲಾಯಿಸಬೇಕು ಅನ್ನುವುದು ಹೆಂಡತಿಯದು. ಒಂದು ಒಳ್ಳೆಯ ಡ್ಯಾಕ್ ತರಬೇಕು ಅನ್ನುವುದು ನನ್ನದು. ಹಂಚಿನ ಕೆಲಸವೇ ಮೊದಲು ಮುಗಿಯಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರುವ ದುಡ್ಡಿನ ಲೆಕ್ಕ ಓದಿ ನೀವೆಲ್ಲ ಅವಳ ಪಾರ್ಟಿ ಸೇರಿಬಿಡುತ್ತೀರಿ.

ಡ್ಯಾಕ್ ಅಂದರೆ ಅಂಕಿಗಳಿಂದ ದನಿ ಮಾಡುವ ಪೆಟ್ಟಿಗೆ. ಸಿಡಿಯಲ್ಲಿ ಇರುವುದು ಬರೀ ಅಂಕಿಗಳು. ಸೆಕೆಂಡಿಗೆ 44,100 ಅಂಕಿ ಎಡ ಸ್ಪೀಕರಿಗೆ, ಅಷ್ಟೇ ಬಲ ಸ್ಪೀಕರಿಗೆ. ಒಂದೊಂದು ಅಂಕಿಯೂ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಯಾವುದೋ ಒಂದು. ಇವನ್ನು ಏರಿಳಿಯುವ ವೋಲ್ಟೇಜ್ ಮಾಡಿ ಆಂಪ್ಲಿಫೈಯರಿಗೆ ಕೊಟ್ಟರೆ ಸ್ಪೀಕರ್ ಹಾಡುತ್ತದೆ. ನಿಮ್ಮ ಫೋನಿನಲ್ಲೂ ಒಂದು ಡ್ಯಾಕ್ ಇದೆ. ಟಿವಿಯಲ್ಲೂ ಇದೆ. ಹಾಗಿದ್ದ ಮೇಲೆ ಲಕ್ಷಗಟ್ಟಲೆ ಸುರಿದು ಬೇರೆ ಯಾಕೆ? ಈ ಪ್ರಶ್ನೆ ಹೆಂಡತಿ ಕೇಳಿದಳು, ಮಗಳು ಕೇಳಿದಳು, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಕ್ಕಿದ ಗೆಳೆಯನೂ ಕೇಳಿದ.

ನನ್ನ ಕಾರಣ ಸಣ್ಣದು. ವರ್ಷಾನುಗಟ್ಟಲೆ ದುಡಿದ ಸಿಡಿ ಪ್ಲೇಯರ್ ತಟ್ಟೆ ಹೊರಗೆ ಹಾಕುತ್ತಿತ್ತು, ಒಳಗೆ ಎಳೆದುಕೊಳ್ಳುತ್ತಿತ್ತು, ಸಿಡಿ ಮಾತ್ರ ಓದುತ್ತಿರಲಿಲ್ಲ. ಮಲೆನಾಡಿನ ಥಂಡಿಯಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕಕ್ಕೆ ಹಿಡಿಯುತ್ತದೆ, ಲೇಸರಿನ ಲೆನ್ಸಿಗೂ ಹಿಡಿಯುತ್ತದೆ. ಹೀಗಾಗುತ್ತದೆ ಅಂತ ಗೊತ್ತಿದ್ದೇ ಮಗಳೂ ನಾನೂ ಸೇರಿ ಹಿಂದಿನ ಬೇಸಿಗೆಯಲ್ಲಿ ಇದ್ದ ಸಿಡಿಗಳನ್ನೆಲ್ಲ ಫ್ಲ್ಯಾಕ್ ಫೈಲುಗಳಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿದ್ದೆವು. ಎಂಪಿ3 ಬಿಸಾಕುವ ಹಾಗೆ ಫ್ಲ್ಯಾಕ್ ಏನನ್ನೂ ಬಿಸಾಕುವುದಿಲ್ಲ. ಸಿಡಿಯಲ್ಲಿದ್ದ ಅಂಕಿ ಅಷ್ಟೂ ವಾಪಸ್ ಸಿಗುತ್ತದೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್, ನಮ್ಮ ಪಕ್ಕದ ಹಾಸನ ಜಿಲ್ಲೆಯಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಎಲ್ಲ ಅಲ್ಲಿಗೆ ಹೋಯಿತು.

ಆದರೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ವೈರ್ ಎಳೆದರೆ ವೀಣೆಯ ಹಿಂದೆ ಸಣ್ಣಗೆ ಚರ್ ಅನ್ನುವ ಸದ್ದು. ಮೌಸ್ ಅಲ್ಲಾಡಿಸಿದರೆ ಆ ಸದ್ದಿನ ಶ್ರುತಿ ಬದಲಾಗುತ್ತಿತ್ತು! ಅಂಥದ್ದನ್ನು ಒಂದು ಸಲ ಕೇಳಿದರೆ ಮುಗಿಯಿತು, ಆಮೇಲೆ ಕಿವಿ ಅದನ್ನೇ ಹುಡುಕುತ್ತದೆ. ಒಂದೂವರೆ ಲಕ್ಷ ದಾಟಬಾರದು ಅಂತ ಮಾತಾಯಿತು. ತಿರುಗಾಟ ಶುರುವಾಯಿತು.

ಮೊದಲು ಓದಿಕೊಂಡೆ. ಡ್ಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಮನೆತನ. ಒಂದು ಆರ್‌ಟೂಆರ್. ರೆಸಿಸ್ಟರುಗಳನ್ನು ಏಣಿಯಾಗಿ ಜೋಡಿಸಿ, ಒಂದೊಂದು ಬಿಟ್ಟಿಗೂ ಒಂದೊಂದು ಸ್ವಿಚ್ ಕೊಟ್ಟು ವೋಲ್ಟೇಜ್ ಕೂಡಿಸುವುದು. ಕೇಳುವುದಕ್ಕೆ ಚೆನ್ನಾಗಿದೆ, ಮಾಡುವುದು ಕಷ್ಟ. ಏಣಿಯ ತುದಿಯ ಬಿಟ್ಟಿನ ತೂಕ ಬುಡದ ಬಿಟ್ಟಿಗಿಂತ ಸಾವಿರಾರು ಪಟ್ಟು ಜಾಸ್ತಿ. ಹಾಗಾಗಿ ತುದಿಯ ರೆಸಿಸ್ಟರಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಬುಡದ ಬಿಟ್ಟುಗಳು ಅದರಡಿ ಮುಚ್ಚಿಹೋಗುತ್ತವೆ. ಶೇಕಡಾ 0.01 ನಿಖರತೆಯ ರೆಸಿಸ್ಟರ್ ಅಂದರೆ ಹತ್ತು ಸಾವಿರಕ್ಕೆ ಒಂದು ತಪ್ಪು. 16 ಬಿಟ್ಟಿಗೆ ಬೇಕಾದದ್ದು 65 ಸಾವಿರಕ್ಕೆ ಒಂದು. 24 ಬಿಟ್ಟಿಗೆ ಒಂದು ಕೋಟಿ 67 ಲಕ್ಷಕ್ಕೆ ಒಂದು. ಹಾಗಾಗಿ ಪೆಟ್ಟಿಗೆ ಮೇಲೆ 24 ಬಿಟ್ ಆರ್‌ಟೂಆರ್ ಅಂತ ಬರೆದಿದ್ದರೆ ಒಂದು ಮುಗುಳ್ನಗೆ ನಕ್ಕು ಮುಂದೆ ಹೋಗಬಹುದು.

ಇನ್ನೊಂದು ಡೆಲ್ಟಾ ಸಿಗ್ಮಾ. ಬಿಟ್ಟುಗಳನ್ನು ಕಮ್ಮಿ ಮಾಡಿ ವೇಗವನ್ನು ವಿಪರೀತ ಹೆಚ್ಚಿಸಿ, ಹುಟ್ಟುವ ಗದ್ದಲವನ್ನು ಕಿವಿಗೆ ಕೇಳದ ಎತ್ತರದ ಕಂಪನಗಳ ಕಡೆಗೆ ತಳ್ಳಿಬಿಡುವುದು. ಇವತ್ತಿನ ಬಹುಪಾಲು ಡ್ಯಾಕ್‌ಗಳು ಇವೇ. ಇಎಸ್‌ಎಸ್, ಎಕೆಎಂ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಂಥ ಚಿಪ್ ಮಾಡುತ್ತಾರೆ. ರೆಡಿಮೇಡ್ ಡ್ಯಾಕ್ ಚಿಪ್ಪೇ ಬೇಡ ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ಕಾರ್ಡ್ ಕಂಪನಿ ಎಫ್‌ಪಿಜಿಎ ಅನ್ನುವ ಖಾಲಿ ಚಿಪ್ ತಗೊಂಡು ಅದರೊಳಗೆ ತನ್ನದೇ ಲೆಕ್ಕ ಬರೆಯುತ್ತದೆ. ಅವರ ಕ್ಯೂಟೆಸ್ಟ್ ಮಾಡೆಲಿನ ಫಿಲ್ಟರಿನಲ್ಲಿ 49,152 ಟ್ಯಾಪ್, ಅಂದರೆ ಲೆಕ್ಕದ ಮೆಟ್ಟಿಲು, ಇವೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಚಿಪ್ಪಿನ ಹೆಸರು ಹಿಡಿದು ಜಗಳ ಆಡುವವರು ಬೇಕಾದಷ್ಟು ಜನ. ಎಕೆಎಂ ದನಿ ಮೃದು, ಇಎಸ್‌ಎಸ್ ದನಿ ಚೂಪು ಅಂತ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕಾದಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ದಿನಗಟ್ಟಲೆ ಉರಿಯಿತು. ಚಿಪ್ಪು ಸಿಗದೆ ಎಷ್ಟೋ ಕಂಪನಿಗಳು ಅದೇ ಮಾಡೆಲಿಗೆ ಬೇರೆ ಚಿಪ್ ಹಾಕಿ ಮಾರಾಟಕ್ಕೆ ಬಿಟ್ಟವು. ಬಾಕ್ಸ್ ಅದೇ, ಹೆಸರು ಅದೇ, ಒಳಗಿನ ಚಿಪ್ ಬೇರೆ. ನನಗನಿಸುವುದು ಇಷ್ಟೇ: ಚಿಪ್ಪಿಗಿಂತ ಅದರ ಸುತ್ತ ಕಟ್ಟಿದ ಪವರ್ ಸಪ್ಲೈ, ಅಂಕಿಗಳಿಗೆ ತಾಳ ಹಾಕುವ ಕ್ಲಾಕು, ಕೊನೆಯ ಅನಲಾಗ್ ಹಂತ, ಇವುಗಳಲ್ಲಿ ಕೆಲಸ ಇದೆ. ಈಗಂತೂ ಹತ್ತು ಹನ್ನೆರಡು ಸಾವಿರದ ಡ್ಯಾಕ್‌ಗಳೂ ಗದ್ದಲ, ವಿಕೃತಿ ಎಲ್ಲ ಸೇರಿಸಿ ಸಂಗೀತಕ್ಕಿಂತ 110 ಡೆಸಿಬೆಲ್ ಕೆಳಗಿಡುತ್ತವೆ.

ಈ ಡೆಸಿಬೆಲ್ ಲೆಕ್ಕವನ್ನು ನಮ್ಮ ಮನೆಗೆ ತಂದು ನೋಡಿ. 16 ಬಿಟ್ಟಿನ ಸಿಡಿಗೇ 96 ಡೆಸಿಬೆಲ್ ಅಂತರ ಸಿಗುತ್ತದೆ. ಜನವರಿಯ ರಾತ್ರಿ, ಫ್ರಿಜ್ ಕೂಡ ಸುಮ್ಮನಿರುವಾಗ ನಮ್ಮ ಹಾಲ್‌ನಲ್ಲಿ ಫೋನಿನ ಮೀಟರ್ 30ರ ಆಸುಪಾಸು ತೋರಿಸುತ್ತದೆ. ಸಿಡಿಯ ಅತಿ ಸಣ್ಣ ದನಿ ಈ 30ರ ಮೇಲೆ ಕೇಳಬೇಕು ಅಂದರೆ ಅತಿ ದೊಡ್ಡ ದನಿ 126 ಆಗಬೇಕು. ಅಷ್ಟಕ್ಕೆ ಕಿವಿ ನೋಯುತ್ತದೆ, ಪಕ್ಕದ ತೋಟದವರು ಬಂದು ಬಾಗಿಲು ಬಡಿಯುತ್ತಾರೆ. ಇನ್ನು ಜುಲೈನಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಅದೇ ಮೀಟರ್ 60 ಮುಟ್ಟುತ್ತದೆ. ಹೊಸ ಹಂಚು, ಸದ್ದು ಅಷ್ಟೇ. ಮಾರುವವರು 120, 125 ಅಂತ ಅಂಕಿ ಹೇಳಿದಾಗಲೆಲ್ಲ ನನಗೆ ಈ ಮಳೆ ನೆನಪಾಗುತ್ತಿತ್ತು.

ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ನೆಲಕ್ಕೆ ಕಾರ್ಪೆಟ್, ಗೋಡೆಗೆ ದಪ್ಪ ಪರದೆ, ನನ್ನ ಇಡೀ ಬಜೆಟ್ಟಿನ ಹತ್ತು ಪಟ್ಟು ಬೆಲೆಯ ಸ್ಪೀಕರ್. ಹುಡುಗ ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟ. ಕಾಫಿ ಬೆಳೆಯುವವನಿಗೆ ಅದು ಬೇರೆ ಪರೀಕ್ಷೆ, ಬಿಡಿ. ಕ್ಯೂಟೆಸ್ಟ್ ಅಲ್ಲೇ ಕೇಳಿದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪೆಟ್ಟಿಗೆ, ಅದರೊಳಗೆ ಬಣ್ಣದ ದೀಪದ ಗೋಲಿಗಳು. 44.1 ಕಿಲೋಹರ್ಟ್ಜ್ ಬಂದರೆ ಕೆಂಪು. ಅದನ್ನೂ ಇನ್ನೊಂದು ಡ್ಯಾಕನ್ನೂ ಬದಲಾಯಿಸಿ ಬದಲಾಯಿಸಿ ಕೇಳಿಸಿದ.

"ವ್ಯತ್ಯಾಸ ಗೊತ್ತಾಯ್ತಾ ಸಾರ್?"

ಗೊತ್ತಾಯಿತು. ಕ್ಯೂಟೆಸ್ಟ್ ಮುಂದೆ ಬಂದು ಹಾಡುತ್ತಿತ್ತು, ಜೀವ ಇತ್ತು, ಎಲ್ಲ ಇತ್ತು. ಆದರೆ ಅದರಲ್ಲಿ ಔಟ್‌ಪುಟ್ಟನ್ನು 1, 2, 3 ವೋಲ್ಟ್ ಅಂತ ಆರಿಸಿಕೊಳ್ಳಬಹುದು. ಉಳಿದ ಹೆಚ್ಚಿನ ಡ್ಯಾಕ್‌ಗಳು ಸಾದಾ ಆರ್‌ಸಿಎ ತಂತಿಯಲ್ಲಿ 2 ವೋಲ್ಟಿನ ಆಸುಪಾಸು ಕೊಡುತ್ತವೆ. 3ಕ್ಕೂ 2ಕ್ಕೂ ಮೂರೂವರೆ ಡೆಸಿಬೆಲ್ ವ್ಯತ್ಯಾಸ. ಒಂದು ಡೆಸಿಬೆಲ್ ಜಾಸ್ತಿಯಾದರೂ ಮನುಷ್ಯನ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ಎಷ್ಟು ವೋಲ್ಟಿಗೆ ಇಟ್ಟಿದ್ದೀರಿ ಅಂತ ಕೇಳಿದೆ. ಹುಡುಗ ನೋಡಿ ಹೇಳುತ್ತೇನೆ ಅಂದ. ಹೇಳುವಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದರು. ಜೊತೆಗೆ ಹದಿನೆಂಟು ಸಾವಿರದ ಯುಎಸ್‌ಬಿ ಕೇಬಲ್ ಒಂದನ್ನು ತೋರಿಸಿದ. ಕೇಬಲ್ ಹಾವಿನಷ್ಟು ದಪ್ಪ ಇತ್ತು. ನಮಸ್ಕಾರ ಹೇಳಿ ಬಂದೆ.

ಅಂಗಡಿಯಲ್ಲಿ ಕೇಳಿ ಡ್ಯಾಕ್ ಆರಿಸುವುದು ಸಾಧ್ಯವಿಲ್ಲ ಅನ್ನುವುದು ನನಗೆ ಅಲ್ಲೇ ಖಚಿತವಾಯಿತು. ಮನೆಗೇ ತರಬೇಕು, ನನ್ನ ಸ್ಪೀಕರಿಗೇ ಹಾಕಬೇಕು, ದನಿ ಅಳೆದು ಸಮ ಮಾಡಬೇಕು, ಯಾವುದು ಹಾಡುತ್ತಿದೆ ಅಂತ ಗೊತ್ತಿಲ್ಲದೆ ಕೇಳಬೇಕು.

ಇಲ್ಲಿ ಭಾವನ ಪ್ರವೇಶ. ಅಕ್ಕನ ಗಂಡ, ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಆರ್‌ಟೂಆರ್ ಭಕ್ತರು. ಅವರ ಹತ್ತಿರ ಚೀನಾದಲ್ಲಿ ಮಾಡಿದ ಒಂದು ಭಾರೀ ಡ್ಯಾಕ್ ಇದೆ, ಎತ್ತಿ ಇಡುವುದಕ್ಕೇ ಇಬ್ಬರು ಬೇಕು. ಫಿಲಿಪ್ಸ್ ಕಂಪನಿ ಮೊದಲ ಸಿಡಿ ಪ್ಲೇಯರುಗಳಲ್ಲಿ 14 ಬಿಟ್ಟಿನ ಚಿಪ್ ಹಾಕಿ, ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ, ಅಂದರೆ ಎರಡು ಅಂಕಿಗಳ ನಡುವೆ ಲೆಕ್ಕ ಹಾಕಿ ಹೊಸ ಅಂಕಿ ತುಂಬಿಸಿ, 16 ಬಿಟ್ಟಿನ ಸಮಕ್ಕೆ ತಂದ ಕಥೆ ಅವರ ಬಾಯಲ್ಲಿ ಕೇಳಬೇಕು. 1982ರಲ್ಲಿ ತಾವೇ ಫಿಲಿಪ್ಸ್‌ನ ಊರಾದ ಐಂಡ್‌ಹೋವನ್‌ನಲ್ಲಿ ಕೂತು ಬೆಸುಗೆ ಹಾಕಿದ ಹಾಗೆ ಹೇಳುತ್ತಾರೆ.

"ಲೋ, ಮೀಟರ್ ಗೀಟರ್ ಎಲ್ಲ ಬಿಡು. ಕಿವಿಗಿಂತ ದೊಡ್ಡ ಮೀಟರ್ ಯಾವುದಿದೆ?"

"ಅದಕ್ಕೇ ಭಾವ, ಕಿವಿ ಒಂದನ್ನೇ ಕೆಲಸಕ್ಕೆ ಹಚ್ಚೋಣ ಅಂತ. ಕಣ್ಣಿಗೆ ರಜಾ ಕೊಡಿ. ಪೆಟ್ಟಿಗೆ ಸಮೇತ ಬನ್ನಿ."

ಬಂದರು. ಬೇಲೂರು ದಾಟುವವರೆಗೂ ಅಕ್ಕ ಆ ಡ್ಯಾಕನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ, ಹಿಂದಿನ ಸೀಟಿನಲ್ಲಿ ಇಟ್ಟರೆ ಗುಂಡಿಗೆ ಎಗರುತ್ತದೆ ಅಂತ.

ಅಷ್ಟರಲ್ಲಿ ಸ್ಟುಡಿಯೋ ಸಾಮಾನು ಮಾರುವ ಒಬ್ಬರ ಹತ್ತಿರ ಡೆಪಾಸಿಟ್ ಕೊಟ್ಟು ಜರ್ಮನಿಯ ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್ ತರಿಸಿದ್ದೆ. ಹೈಫೈ ಅಂಗಡಿಯವರು ಇದನ್ನು ಸ್ವಲ್ಪ ಕೆಳಗಣ್ಣಲ್ಲಿ ನೋಡುತ್ತಾರೆ. ಮಂದ ಅಲ್ಯೂಮಿನಿಯಂ ಮುಖಕ್ಕೆ ಬದಲು ಸಣ್ಣ ಬಣ್ಣದ ಸ್ಕ್ರೀನು, ತಿರುಗಿಸುವ ಗುಂಡಿಗಳು, ಮೆನುವಿನೊಳಗೆ ಮೆನು. ನನಗೆ ಅದೇ ಹಿಡಿಸಿತು. ಒಳಗೆ ಏನು ಬರುತ್ತಿದೆ ಅಂತ ಅದು ಬರೆದು ತೋರಿಸುತ್ತದೆ.

ಈಗ ಅಳತೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಡಿಜಿಟಲ್ ಔಟ್‌ಪುಟ್ ಬೋರ್ಡು ಕೂರಿಸಿದ್ದೆ. ಅದಕ್ಕೆ ಎರಡು ಬಾಯಿ, ಒಂದು ಕೋಆಕ್ಸಿಯಲ್ ಅಂದರೆ ತಾಮ್ರದ ತಂತಿಯದು, ಒಂದು ಆಪ್ಟಿಕಲ್ ಅಂದರೆ ಬೆಳಕಿನದು. ಎರಡರಿಂದಲೂ ಒಂದೇ ಹೊತ್ತಿಗೆ ಒಂದೇ ಅಂಕಿ ಹೊರಡುತ್ತದೆ. ಕೋಆಕ್ಸಿಯಲ್ ಭಾವನ ಡ್ಯಾಕಿಗೆ, ಆಪ್ಟಿಕಲ್ ಆರ್‌ಎಂಇಗೆ. ಅಲ್ಲಿಂದ ಆಂಪ್ಲಿಫೈಯರಿನ ಎರಡು ಬೇರೆ ಬೇರೆ ಇನ್‌ಪುಟ್ಟಿಗೆ. ಎರಡೂ ಸದಾ ಹಾಡುತ್ತಿರುತ್ತವೆ, ರಿಮೋಟಿನಲ್ಲಿ ಇದೋ ಅದೋ ಅಂತ ಆರಿಸಿದರೆ ಸಾಕು.

60 ಹರ್ಟ್ಜ್‌ನ ಒಂದೇ ಸ್ವರ ಇರುವ ಫೈಲ್ ಹಾಕಿದೆ. 60 ಯಾಕೆ ಅಂದರೆ, ನಮ್ಮ ಹತ್ತಿರ ಇರುವ ಮುನ್ನೂರು ರೂಪಾಯಿ ಮಲ್ಟಿಮೀಟರುಗಳನ್ನು ಮಾಡಿರುವುದೇ ಕರೆಂಟಿನ 50, 60 ಹರ್ಟ್ಜ್ ಅಳೆಯುವುದಕ್ಕೆ. ಅದಕ್ಕಿಂತ ಬಹಳ ಮೇಲೆ ಹೋದರೆ ಅವು ಹೇಳುವುದನ್ನು ನಂಬುವ ಹಾಗಿಲ್ಲ. ಸ್ಪೀಕರ್ ಹಿಂದೆ ಬಗ್ಗಿ ಕೂತು ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್ಲಿಗೆ ಒತ್ತಿ ಹಿಡಿದೆ. ಟಾರ್ಚ್ ಮಗಳ ಕೈಯಲ್ಲಿ. ಭಾವನ ಡ್ಯಾಕ್ 2.00 ವೋಲ್ಟ್ ಬರುವ ಹಾಗೆ ಆಂಪ್ಲಿಫೈಯರಿನ ವಾಲ್ಯೂಮ್ ನಿಲ್ಲಿಸಿದೆವು. ಇನ್‌ಪುಟ್ ಬದಲಾಯಿಸಿದರೆ ಆರ್‌ಎಂಇ 2.24. ಸರಿಯಾಗಿ ಒಂದು ಡೆಸಿಬೆಲ್ ಹೆಚ್ಚು. ಈ ಸ್ಥಿತಿಯಲ್ಲಿ ಕೇಳಿದ್ದರೆ ಆರ್‌ಎಂಇ ಗೆದ್ದುಬಿಡುತ್ತಿತ್ತು, ನಾನೂ ಎದೆ ಉಬ್ಬಿಸಿ ಓಡಾಡುತ್ತಿದ್ದೆ. ಅದರ ವಾಲ್ಯೂಮ್ ಅರ್ಧ ಡೆಸಿಬೆಲ್ಲಿನ ಹೆಜ್ಜೆಯಲ್ಲಿ ಇಳಿಯುತ್ತದೆ. ಎರಡು ಹೆಜ್ಜೆ ಇಳಿಸಿದೆ. 2.00.

"ಕಡ್ಡಿ ಅಲ್ಲಾಡಿಸ್ಬೇಡ ಅಪ್ಪ, ಒಂದಕ್ಕೊಂದು ತಾಗಿದ್ರೆ ಆಂಪ್ಲಿಫೈಯರ್ ಢಮಾರ್" ಅಂದಳು ಮಗಳು. ಭಾವನ ಶಿಷ್ಯೆ.

ಮೊದಲು ಭಾವ ಕೂತರು. ಮಗಳು ನಮ್ಮ ಬೆನ್ನ ಹಿಂದೆ ಊಟದ ಮೇಜಿನ ಹತ್ತಿರ ನಿಂತು ನಾಣ್ಯ ಚಿಮ್ಮುವುದು, ಬಿದ್ದಂತೆ ಇನ್‌ಪುಟ್ ಆರಿಸುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ವೀಣೆ ಹಾಕಿದೆವು. ಮೀಟಿದ ಮೇಲೆ ತಂತಿಯ ದನಿ ಕರಗುತ್ತಾ ಹೋಗುತ್ತದಲ್ಲ, ಆ ಬಾಲದಲ್ಲಿ ಡ್ಯಾಕಿನ ಗುಣ ಗೊತ್ತಾಗುತ್ತದೆ ಅನ್ನುವುದು ಭಾವನ ವಾದ. ಅವರು ಕಣ್ಣು ಮುಚ್ಚಿ "ಇದು ನಂದು", "ಇದು ನಿಂದು" ಅನ್ನುತ್ತಾ ಹೋದರು. ದನಿಯಲ್ಲಿ ಒಂಚೂರೂ ಅನುಮಾನ ಇರಲಿಲ್ಲ. ಲೆಕ್ಕ ಹಾಕಿದರೆ ಅರ್ಧದಷ್ಟು ಸರಿ, ಅರ್ಧದಷ್ಟು ತಪ್ಪು. ಆಮೇಲೆ ನಾನು ಕೂತೆ. ನನ್ನದೂ ಹಾಗೇ. ಮನ್ಸೂರರ ಹಳೇ ರೆಕಾರ್ಡಿಂಗಿನಲ್ಲಿ ಟೇಪಿನ ಸುಯ್ ಸದ್ದು ಹಿಡಿದು ಪತ್ತೆ ಮಾಡಬಹುದು ಅಂದುಕೊಂಡಿದ್ದೆ. ಅದೂ ಆಗಲಿಲ್ಲ. ನಾಣ್ಯಕ್ಕೂ ನಮಗೂ ಸಮ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇರು, ನೀನು ಓವರ್‌ಸ್ಯಾಂಪ್ಲಿಂಗ್ ಹಾಕಿಸಿದ್ದೀಯ. ನಾನು ಮನೇಲಿ ಹಾಗೆ ಕೇಳಲ್ಲ" ಅಂತ ಎದ್ದುಹೋಗಿ ತಮ್ಮ ಡ್ಯಾಕಿನ ಮುಂದಿನ ಒಂದು ಬಟನ್ ಒತ್ತಿದರು. ಎನ್‌ಒಎಸ್. ಅಂದರೆ ಓವರ್‌ಸ್ಯಾಂಪ್ಲಿಂಗ್ ಇಲ್ಲ, ಅಂಕಿ ಬಂದ ಹಾಗೇ ಏಣಿಗೆ.

ಈ ಸಲ ನಿಜವಾಗಿ ಬೇರೆ ಇತ್ತು. ಮಗಳು ಎರಡು ಸಲ ಕೇಳಿ "ಇದ್ರಲ್ಲಿ ತಾಳದ ಮಿಣಿಮಿಣಿ ಕಮ್ಮಿ" ಅಂದುಬಿಟ್ಟಳು. ಭಾವ ಕೂಡ ಈ ಸಲ ಬಹುಪಾಲು ಸರಿಯಾಗಿ ಹೇಳಿದರು. ಖುಷಿಯಾದರು. ಆದರೆ ಇದರಲ್ಲಿ ಗುಟ್ಟು ಏನೂ ಇಲ್ಲ. ಒಂದೊಂದು ಅಂಕಿಯನ್ನೂ ಮುಂದಿನದು ಬರುವವರೆಗೆ ಹಾಗೇ ಹಿಡಿದಿಟ್ಟರೆ ಮೇಲಿನ ಸ್ವರಗಳು ತಾವಾಗಿಯೇ ಸೊರಗುತ್ತವೆ. ಇದು ಗಣಿತ. ಸಿಡಿಯ ವೇಗದಲ್ಲಿ 10 ಕಿಲೋಹರ್ಟ್ಜ್‌ನಲ್ಲಿ ಮುಕ್ಕಾಲು ಡೆಸಿಬೆಲ್, 20ರಲ್ಲಿ ಮೂರು ಡೆಸಿಬೆಲ್ಲಿಗಿಂತ ಜಾಸ್ತಿ ಇಳಿಯುತ್ತದೆ. ಅರವತ್ತು ದಾಟಿದವರ ಕಿವಿಗೆ 20 ಎಲ್ಲಿಂದ ಬರಬೇಕು, ಆದರೆ 10ರ ಸುತ್ತಮುತ್ತಲಿನ ಇಳಿತ ಗೊತ್ತಾಗುತ್ತದೆ. ಅವರು ಇಷ್ಟು ವರ್ಷ ಆರ್‌ಟೂಆರ್‌ನ ಸಿಹಿ ಅಂತ ಕರೆಯುತ್ತಿದ್ದುದರಲ್ಲಿ ಒಂದು ಪಾಲು ಇದು.

ಊಟ ಆದ ಮೇಲೆ ನಾನೊಂದು ಕಿತಾಪತಿ ಮಾಡಿದೆ. ಆರ್‌ಎಂಇಯ ಟ್ರೆಬಲ್ ಗುಂಡಿಯನ್ನು ಒಂದು ಡೆಸಿಬೆಲ್ ಇಳಿಸಿ, ಏನೂ ಹೇಳದೆ ಅದನ್ನೇ ಹಾಕಿದೆ.

"ಈಗ ಸರಿಯಾಯ್ತು ನೋಡು. ನಮ್ಮ ಡ್ಯಾಕ್ ಅಲ್ವಾ?"

"ಅಲ್ಲ ಭಾವ, ಜರ್ಮನಿಯದು."

ಅಕ್ಕ ನಕ್ಕಿದ್ದು ಅಡುಗೆಮನೆವರೆಗೂ ಕೇಳಿಸಿತು. ಭಾವ ಬೇಜಾರು ಮಾಡಿಕೊಳ್ಳುವವರಲ್ಲ. "ಹಾಗಾದ್ರೆ ನಾನು ದುಡ್ಡು ಕೊಟ್ಟಿದ್ದು ಆ ಏಣಿ ಕಟ್ಟಿದ ಕೈಗೆ ಅಂದ್ಕೋ" ಅಂದರು. ಅದನ್ನು ನಾನು ಒಪ್ಪುತ್ತೇನೆ. ಒಳಗೆ ಮುಚ್ಚಳ ತೆಗೆದು ನೋಡಿದರೆ ಸಾಲುಸಾಲಾಗಿ ನಿಂತ ಆ ರೆಸಿಸ್ಟರುಗಳು ನೋಡುವುದಕ್ಕೇ ಚಂದ.

ದನಿಯಲ್ಲಿ ಎರಡೂ ಒಂದೇ ಅಂದ ಮೇಲೆ ಆಯ್ಕೆ ಬೇರೆ ಕಡೆಯಿಂದ ಬರಬೇಕು. ಬಂದಿದ್ದು ನಮ್ಮ ಹಾಲ್‌ನಿಂದ.

ತಬಲಾದ ಎಡಗೈ ದನಿ ನಮ್ಮ ಮನೆಯಲ್ಲಿ ಯಾವಾಗಲೂ ಗುಂಯ್ ಅಂತ ಉಬ್ಬುತ್ತದೆ. ಒಂದು ಬಡಿತ ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದ ಹಾಗೆ. ಯಾವ ಡ್ಯಾಕ್ ಹಾಕಿದರೂ ಅದೇ. ಅಳತೆಯ ಮೈಕ್ ಒಂದನ್ನು ತರಿಸಿ, ಆರ್‌ಇಡಬ್ಲ್ಯೂ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹಾಲ್ ಅನ್ನೇ ಅಳೆದೆ. ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಊಂ ಅಂತ ಒಂದು ದನಿ ಏರುತ್ತಾ ಹೋಗುತ್ತದೆ, ಮೈಕ್ ಅದನ್ನು ಬರೆದುಕೊಳ್ಳುತ್ತದೆ. ನಾಯಿ ಮನೆ ಬಿಟ್ಟು ಕಣದ ಕಡೆ ಓಡಿಹೋಯಿತು. ಗೆರೆ ನೋಡಿದರೆ 80 ಹರ್ಟ್ಜ್ ಹತ್ತಿರ ಮುಳ್ಳಯ್ಯನಗಿರಿ ನಿಂತಿದೆ. ಅಕ್ಕಪಕ್ಕಕ್ಕಿಂತ 8 ಡೆಸಿಬೆಲ್ ಎತ್ತರ.

ಕಾರಣ ಲೆಕ್ಕಕ್ಕೆ ಸಿಗುತ್ತದೆ. ಹಾಲ್‌ನ ಉದ್ದ 14 ಅಡಿ, ಅಂದರೆ 4.3 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವುದು 40 ಹರ್ಟ್ಜ್‌ನಲ್ಲಿ, ಪೂರ್ತಿ ಅಲೆ 80ರಲ್ಲಿ. ಸೋಫಾ ಹಿಂದಿನ ಗೋಡೆಗೆ ಆನಿಕೊಂಡಿದೆ, ಗೋಡೆ ಹತ್ತಿರ ಈ ಉಬ್ಬು ಅತಿ ಜಾಸ್ತಿ. ಸೋಫಾ ಎರಡಡಿ ಮುಂದೆ ತಂದರೆ ಅರ್ಧ ಸಮಸ್ಯೆ ಕಮ್ಮಿಯಾಗುತ್ತಿತ್ತು. ಕೇಳಿ ನೋಡಿದೆ. "ರೀ, ಹಾಲಲ್ಲಿ ಮನುಷ್ಯರು ಓಡಾಡೋದು ಬೇಡ್ವಾ?" ಅಂತ ಉತ್ತರ ಬಂತು.

ಯೋಚನೆ ಮಾಡಿ. ಎರಡು ಡ್ಯಾಕ್‌ಗಳ ನಡುವಿನ ವ್ಯತ್ಯಾಸ ಕಣ್ಣು ಮುಚ್ಚಿದರೆ ಕೇಳುವುದಿಲ್ಲ. ಹಾಲ್ ಮಾಡುವ ವ್ಯತ್ಯಾಸ 8 ಡೆಸಿಬೆಲ್. ಆರ್‌ಎಂಇ ಒಳಗೆ ಐದು ಬ್ಯಾಂಡಿನ ಪ್ಯಾರಾಮೆಟ್ರಿಕ್ ಈಕ್ವಲೈಜರ್ ಇದೆ. ಬೇಕಾದ ಸ್ವರ ಆರಿಸಿ, ಬೇಕಾದಷ್ಟು ಅಗಲಕ್ಕೆ, ಬೇಕಾದಷ್ಟು ಇಳಿಸಬಹುದು. 80ರಲ್ಲಿ 7 ಡೆಸಿಬೆಲ್ ತಗ್ಗಿಸಿದೆ. ತಬಲಾ ಹಾಕಿದೆ. ಎಡಗೈಯ ಒಂದೊಂದು ಗುಂಕಿಯೂ ಬಿಡಿಬಿಡಿಯಾಗಿ ನಿಂತಿತು. ಇದಕ್ಕೆ ನಾಣ್ಯ ಬೇಕಾಗಲಿಲ್ಲ. ಅಡುಗೆಮನೆಯಿಂದ ಹೆಂಡತಿ ಬಂದು "ಸ್ಪೀಕರ್ ಬೇರೆ ತಂದ್ರಾ?" ಅಂತ ಅನುಮಾನದಿಂದ ಕೇಳಿದಳು. ಹೈಫೈ ಪ್ರಪಂಚದಲ್ಲಿ ಈಕ್ವಲೈಜರ್ ಅಂದರೆ ಮೂಗು ಮುರಿಯುವವರು ಇದ್ದಾರೆ, ಶುದ್ಧ ಸಂಕೇತ ಹಾಳಾಗುತ್ತದೆ ಅಂತ. ಹಾಲ್ ಅದನ್ನು ಆಗಲೇ 8 ಡೆಸಿಬೆಲ್ ಹಾಳು ಮಾಡಿರುವುದು ಅವರಿಗೆ ಲೆಕ್ಕಕ್ಕಿಲ್ಲ.

ಇನ್ನೊಂದು ವಿಷಯ ಕರೆಂಟು. ಮಲೆನಾಡಿನಲ್ಲಿ ಇದ್ದು ಎಲೆಕ್ಟ್ರಾನಿಕ್ಸ್ ಕೊಳ್ಳುವವರು ಇದನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕು. ಲ್ಯಾಪ್‌ಟಾಪಿನಿಂದ ಯುಎಸ್‌ಬಿಯಲ್ಲಿ ಕೊಟ್ಟು ನೋಡಿದಾಗ ಸ್ಪೀಕರಿನಲ್ಲಿ ಸಣ್ಣಗೆ ಹಂ ಅನ್ನುವ ಸದ್ದು ಬರುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಮಾಯ. ಚಾರ್ಜರಿಗೊಂದು ಅರ್ಥ್, ಆಂಪ್ಲಿಫೈಯರಿಗೊಂದು ಅರ್ಥ್, ಎರಡೂ ಕೇಬಲ್ಲಿನ ಮೂಲಕ ಸೇರಿ ಸುತ್ತು ಪೂರ್ತಿಯಾಗುತ್ತದೆ, ಆ ಸುತ್ತಿನಲ್ಲಿ ಕರೆಂಟಿನ 50 ಹರ್ಟ್ಜ್ ಹರಿಯುತ್ತದೆ. ಇದಕ್ಕೆ ಅರ್ಥ್ ಪಿನ್ ಮುರಿಯುವ ಬುದ್ಧಿವಂತರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಶಾಕ್ ಹೊಡೆದರೆ ಕಾಯುವುದು ಅದೇ ಪಿನ್ನು. ಆಪ್ಟಿಕಲ್ ಕೇಬಲ್ ಹಾಕಿದರೆ ಮುಗಿಯಿತು. ಅದರಲ್ಲಿ ಹೋಗುವುದು ಬೆಳಕು, ತಾಮ್ರವೇ ಇಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿಯ ಹೂಮಳೆ ಬರುವಾಗ ಗುಡುಗು ಸಿಡಿಲು ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಇಂಟರ್ನೆಟ್ ವೈರಿನ ಮೂಲಕ ಬಂದು ಒಂದರ ಹಿಂದೆ ಒಂದು ಪೆಟ್ಟಿಗೆ ಸುಡುವ ಸಿಡಿಲಿಗೂ ಆ ಗಾಜಿನಂಥ ಎಳೆಯಲ್ಲಿ ದಾರಿ ಇಲ್ಲ. ಪ್ಲಗ್ ಕೀಳುವುದನ್ನು ಮಾತ್ರ ಬಿಡಬಾರದು.

ಮ್ಯಾನ್ಯುಯಲ್ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಆರ್‌ಎಂಇಗೆ 12 ವೋಲ್ಟ್ ಡಿಸಿ ಸಾಕು, 9.5ರಿಂದ 15 ವೋಲ್ಟಿನ ನಡುವೆ ಎಷ್ಟಿದ್ದರೂ ನಡೆಯುತ್ತದೆ. ಅಂದರೆ ಬ್ಯಾಟರಿ! ಯುಪಿಎಸ್‌ನಲ್ಲಿ ಹಾಕುವ ಸಣ್ಣ ಸೀಲ್ಡ್ ಬ್ಯಾಟರಿ, ನಡುವೆ ಒಂದು ಫ್ಯೂಸ್, ಪ್ಲಸ್ ಮೈನಸ್ ಎರಡೆರಡು ಸಲ ನೋಡಿ ಜೋಡಿಸಿದ ಪಿನ್. ಪೈ ಕಂಪ್ಯೂಟರ್ ಪವರ್ ಬ್ಯಾಂಕಿನಲ್ಲಿ ನಡೆಯುತ್ತದೆ. ಡ್ಯಾಕಿನ ಮುಂದೆ ಹೆಡ್‌ಫೋನ್ ಜಾಕ್ ಇದೆ. ಆಷಾಢದ ಮಳೆಗೆ ಮರ ಬಿದ್ದು ಲೈನ್ ಹರಿದು ಇಡೀ ಊರು ಕತ್ತಲೆಯಲ್ಲಿದ್ದರೂ ಗಂಗೂಬಾಯಿಯವರನ್ನು ಕೇಳಬಹುದು. ಹಂಚಿನ ಮೇಲಿನ ಮಳೆಯೂ ಹೆಡ್‌ಫೋನಿನೊಳಗೆ ಅಷ್ಟು ಬರುವುದಿಲ್ಲ. ಇನ್ವರ್ಟರಿಗೆ ಹಾಕಬಹುದಲ್ಲ ಅಂತ ಕೇಳುತ್ತೀರಿ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಫ್ಯಾನೇ ಅದರಲ್ಲಿ ಗೊರಕೆ ಹೊಡೆಯುತ್ತದೆ.

ಅಲ್ಲಿಗೆ ತೀರ್ಮಾನ ಆಯಿತು. ಕೊಳ್ಳುವಾಗ ಎರಡು ದಾರಿ ಇದ್ದವು. ಹೊರದೇಶದಿಂದ ಯಾರದೋ ಬ್ಯಾಗಿನಲ್ಲಿ ಬರುವುದು, ಕಮ್ಮಿಗೆ ಸಿಗುತ್ತದೆ, ಬಿಲ್ ಇಲ್ಲ. ಇಲ್ಲಿನ ಅಧಿಕೃತ ಡೀಲರ್ ಹತ್ತಿರ ಜಿಎಸ್‌ಟಿ ಬಿಲ್ಲಿನ ಜೊತೆ ತಗೊಳ್ಳುವುದು. ಸಿಡಿಲಿನ ಊರಿನಲ್ಲಿರುವವನಿಗೆ ರಿಪೇರಿಗೆ ಕಳಿಸಲು ಒಂದು ವಿಳಾಸ ಬೇಕು. ಬಿಲ್ಲಿನ ಜೊತೆಗೇ ತಗೊಂಡೆ. ಹೊಸದು ಬಂದ ಮೇಲೆ ಕಂಪನಿಯವರೇ ಕೊಡುವ ಬಿಟ್ ಟೆಸ್ಟ್ ಫೈಲುಗಳನ್ನು ಪೈನಿಂದ ಹಾಕಿದೆ. ಅಂಕಿಗಳು ದಾರಿಯಲ್ಲಿ ಒಂದೂ ಬದಲಾಗದೆ ಬಂದರೆ ಡ್ಯಾಕಿನ ಸ್ಕ್ರೀನಿನಲ್ಲೇ ಪಾಸ್ ಅಂತ ಬರುತ್ತದೆ. ಮೊದಲು ಬರಲಿಲ್ಲ. ಪ್ಲೇಯರ್ ಸಾಫ್ಟ್‌ವೇರಿನ ವಾಲ್ಯೂಮ್ ನೂರಕ್ಕೆ ಬದಲು ತೊಂಬತ್ತೆಂಟರಲ್ಲಿತ್ತು. ನೂರು ಮಾಡಿದೆ, ಬಂತು. ಹದಿನೆಂಟು ಸಾವಿರದ ಕೇಬಲ್ ಇಲ್ಲದೆಯೂ.

ಬಜೆಟ್ಟಿನಲ್ಲಿ ಸ್ವಲ್ಪ ಉಳಿದಿತ್ತು. ಅಂಗಳದಲ್ಲಿ ಇದ್ದಿಲು, ಉಪ್ಪು ಹಾಕಿ ಹೊಸ ಅರ್ಥಿಂಗ್ ಗುಂಡಿ ತೋಡಿಸಿದೆ. ಡ್ಯಾಕಿನ ಖರ್ಚಿನಲ್ಲಿ ಮನೆಯಲ್ಲಿ ಯಾರೂ ತಕರಾರು ಮಾಡದ ಭಾಗ ಇದೊಂದೇ.

ಅಳತೆಯ ಮೈಕ್ ಈಗ ಹಾಸನದಲ್ಲಿದೆ. ಭಾವ ಒಯ್ದರು, ನೋಡಿ ಕೊಡುತ್ತೇನೆ ಅಂತ. ಮೊನ್ನೆ ಫೋನ್ ಮಾಡಿದ್ದರು. ಅವರ ಹಾಲ್‌ನಲ್ಲಿ ಗುಡ್ಡ ಇರುವುದು 63 ಹರ್ಟ್ಜ್‌ನಲ್ಲಂತೆ. ಏಣಿಯ ಡ್ಯಾಕಿನಲ್ಲಿ ಈಕ್ವಲೈಜರ್ ಇಲ್ಲ, ಹಾಗಾಗಿ ಪೀಠೋಪಕರಣ ಸರಿಸುವ ಪ್ರಯೋಗ ನಡೆದಿದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು, ಬೀರು ಮುಟ್ಟಿದರೆ ನೋಡಿ ಅಂತ.